ಕೆರೆಯ ಹಿನ್ನೆಲೆ ಹುಡುಕುವಾಗ ನಾನು ಮೊದಲು ತೆರೆದ ಪುಸ್ತಕಗಳು

ಕೋಲಾರ ಸೀಮೆಯ ಕೆರೆಗಳ ಬಗ್ಗೆ ಬರೆಯಲು ಹೊರಟಾಗ ನಾನು ನೇರವಾಗಿ ಶಾಸನಗಳಿಗೆ ಕೈ ಹಾಕಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನೂ ಜಿಲ್ಲಾ ಗ್ಯಾಸೆಟಿಯರನ್ನೂ ಮುಂದಿಟ್ಟುಕೊಂಡು ಕೂತೆ. ಅಡಿಟಿಪ್ಪಣಿಗೆ ಬೇಕಾದದ್ದನ್ನು ಅವುಗಳಲ್ಲಿ ಹುಡುಕುತ್ತಿರಲಿಲ್ಲ. ಈ ನೆಲವನ್ನು ಯಾರಾದ ಮೇಲೆ ಯಾರು ಆಳಿದರು, ಆಗ ಇದಕ್ಕೆ ಏನು ಹೆಸರಿತ್ತು ಎಂಬಷ್ಟು ಗೊತ್ತಾದರೆ ಸಾಕಿತ್ತು. ಗಂಗರ ಕಾಲಕ್ಕೆ ಇದು ಕುವಳಾಲ. ಚೋಳರು ಬಂದ ಮೇಲೆ ನಿಗರಿಲಿಚೋಳಮಂಡಲ. ಸೂಚಿಯಲ್ಲಿ ಬರೀ ಕೋಲಾರ ಎಂದು ಹುಡುಕುವವರಿಗೆ ಎಷ್ಟೋ ಸಾಮಗ್ರಿ ಕಣ್ಣಿಗೇ ಬೀಳುವುದಿಲ್ಲ.

ಆಮೇಲೆ ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ, ಎಪಿಗ್ರಾಫಿಯ ಕರ್ನಾಟಿಕ. ಕೋಲಾರದ್ದು 10ನೇ ಸಂಪುಟ. ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಶಾಸನ ಬೇಕಾದವರೂ ಇದನ್ನೇ ತೆರೆಯಬೇಕು. ನಾನು ಶಾಸನಗಳ ಪಾಠಕ್ಕೆ ಮುಂಚೆ ಪೀಠಿಕೆ ಓದಿದೆ. ಅಲ್ಲಿ ರಾಜವಂಶಗಳ ಕ್ರಮದಲ್ಲಿ ವಿವರ ಸಿಗುತ್ತದೆ, ಶಾಸನಗಳನ್ನು ಜೋಡಿಸಿರುವುದು ಮಾತ್ರ ತಾಲೂಕುವಾರು. ಟಿಪ್ಪಣಿ ಮಾಡಿಕೊಳ್ಳುವಾಗ ಯಾವ ಮುದ್ರಣ ಎಂಬುದನ್ನು ತಪ್ಪದೆ ಬರೆದಿಟ್ಟೆ. 1972ರಿಂದ ಮೈಸೂರಿನಲ್ಲಿ ಹೊರಬಂದ ಪರಿಷ್ಕೃತ ಮುದ್ರಣದಲ್ಲಿ ಸಂಪುಟಗಳ ಕ್ರಮವೇ ಬೇರೆ, ಶಾಸನಗಳ ಸಂಖ್ಯೆಯೂ ಬೇರೆ.

ಹೆಚ್ಚು ಹೊತ್ತು ಹಿಡಿದದ್ದು ಕಾಲನಿರ್ಣಯ. ಶಕವರ್ಷಕ್ಕೆ 78 ಕೂಡಿಸಿದರೆ ಆಯಿತು ಎನ್ನುವವರು ಬಹಳ. ಶಕ 1265 ಎಂದಿದ್ದರೆ 1343 ಬರುತ್ತದೆ, ಸರಿ. ಆದರೆ ತಿಥಿ ಮಾಘದಲ್ಲೋ ಫಾಲ್ಗುಣದಲ್ಲೋ ಇದ್ದರೆ ಅದು 1344. ಜೊತೆಗೆ ಸಂವತ್ಸರದ ಹೆಸರನ್ನೂ ನೋಡಬೇಕು: 1265ಕ್ಕೆ ಸ್ವಭಾನು ಹೊಂದುತ್ತದೆ. ಶಾಸನದಲ್ಲಿ ಚಿತ್ರಭಾನು ಎಂದಿದ್ದರೆ ಮುಗಿದ ವರ್ಷಗಳನ್ನಷ್ಟೇ ಎಣಿಸುವುದು, ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುವುದು ಎಂಬ ಎರಡು ಎಣಿಕೆಗಳ ವ್ಯತ್ಯಾಸವೋ ಏನೋ ಎಂದು ಅನುಮಾನಿಸಬೇಕು. ತಿಥಿ, ವಾರ ಎರಡೂ ಇದ್ದಲ್ಲಿ ನಾನು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಇಂಡಿಯನ್ ಎಫಿಮೆರಿಸ್ ತೆಗೆಯುತ್ತೇನೆ; ಕ್ರಿ.ಶ. 700ರಿಂದ 1799ರವರೆಗಿನ ಪಂಚಾಂಗ ಅದರಲ್ಲಿದೆ. ಅಂಕಿಗಳ ಸಾಲು ನೋಡಿದರೆ ತಲೆ ತಿರುಗುತ್ತದೆ, ನಿಜ. ಆದರೂ ಇನ್ನೊಬ್ಬರ ಲೇಖನದಿಂದ ಇಸವಿ ಎತ್ತಿಕೊಳ್ಳುವುದಕ್ಕಿಂತ ಇದೇ ವಾಸಿ.

ಬಿತ್ತುವಟ್ಟ, ಕಟ್ಟುಗೊಡಗೆಯಂಥ, ಕೆರೆ ಕಟ್ಟಿಸಿದವರಿಗೆ ಅಥವಾ ನೋಡಿಕೊಳ್ಳುವವರಿಗೆ ಬಿಡುತ್ತಿದ್ದ ದತ್ತಿಗಳನ್ನು ಹೇಳುವ ಮಾತುಗಳು ಎದುರಾದಾಗ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು ನೆರವಿಗೆ ಬಂದವು. ಅರ್ಥದ ಕೆಳಗೆ ಕೊಟ್ಟಿರುವ ಪ್ರಯೋಗಗಳನ್ನು ಹಿಡಿದು ಹೋದರೆ ಬೇರೆ ಜಿಲ್ಲೆಯ ಕೆರೆಗಳ ದತ್ತಿಗಳೂ ಸಿಗುತ್ತವೆ. ಕೋಲಾರದ ಜೊತೆ ಹೋಲಿಸಲು ಬೇಕಾದದ್ದನ್ನು ನಾನು ಆರಿಸಿಕೊಂಡದ್ದು ಹೆಚ್ಚಾಗಿ ಅಲ್ಲಿಂದಲೇ.