ಹಳೆಯ ರಿಕ್ವೈರ್‌ಗಳನ್ನು ಲಿಂಟ್ ನಿಯಮದಿಂದ ಹಿಡಿದ ಬಗೆ

ನಾನು ನೋಡಿಕೊಳ್ಳುತ್ತಿದ್ದ ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ವ್ಯವಸ್ಥೆ) ಪ್ರಾಜೆಕ್ಟಿನಲ್ಲಿ, ಒಂದು ಫೈಲಿಗೆ ಇನ್ನೊಂದನ್ನು ತರುವ ಹಳೆಯ ಪದ್ಧತಿಯಾದ ಕಾಮನ್‌ಜೆಎಸ್‌ನ ರಿಕ್ವೈರ್ ಕರೆಗಳೂ, ಅದೇ ಕೆಲಸಕ್ಕೆ 2015ರ ಇಸಿಎಂಎಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟಿನ ಅಧಿಕೃತ ಮಾನಕ) ಆವೃತ್ತಿಯಲ್ಲಿ ಬಂದ ಇಂಪೋರ್ಟ್ ಹೇಳಿಕೆಗಳೂ ಬೆರೆತುಹೋಗಿದ್ದವು. ಕೋಡ್ ಪರಿವರ್ತಿಸುವ ಬೇಬೆಲ್ ಎಂಬ ಸಾಧನ ಎಲ್ಲವನ್ನೂ ಹಳೆಯ ರೂಪಕ್ಕೇ ಇಳಿಸುತ್ತಿದ್ದುದರಿಂದ ಇದು ಯಾರನ್ನೂ ಕಾಡಿರಲಿಲ್ಲ. ಬೇಬೆಲ್ ಬಿಟ್ಟು ನೋಡ್‌ನ ಸ್ವಂತ ಇಎಸ್ ಮಾಡ್ಯೂಲ್‌ಗಳಿಗೆ, ಅಂದರೆ ಇಂಪೋರ್ಟ್ ಪದ್ಧತಿಗೆ, ಹೋಗಬೇಕೆಂದಾಗ ಹಳೆಯ ರೂಪ ಎಲ್ಲೆಲ್ಲಿ ಉಳಿದಿದೆ ಎಂಬ ಲೆಕ್ಕ ಬೇಕಾಯಿತು.

ಮೊದಲು ಪಠ್ಯ ಹುಡುಕುವ ಗ್ರೆಪ್‌ನಿಂದ ಹುಡುಕಿದೆ. ಅದು ಕಾಮೆಂಟುಗಳಲ್ಲಿದ್ದ ಪದವನ್ನೂ 'ರಿಕ್ವೈರ್ಡ್' ಎಂಬ ವೇರಿಯಬಲ್‌ಗಳನ್ನೂ ಒಟ್ಟಿಗೆ ತಂದು ಸುರಿಯಿತು. ನಿಯಮಗಳ ಪ್ರಕಾರ ಕೋಡ್ ಪರಿಶೀಲಿಸುವ (ಲಿಂಟ್ ಮಾಡುವ) ಇಎಸ್‌ಲಿಂಟ್ ಹಾಗಲ್ಲ, ಅದು ಅಕ್ಷರಗಳನ್ನು ನೋಡದೆ ಕೋಡ್‌ನ ಸಿಂಟ್ಯಾಕ್ಸ್ ಟ್ರೀಯನ್ನು, ಅಂದರೆ ವ್ಯಾಕರಣದ ರಚನೆಯನ್ನು, ನೋಡುತ್ತದೆ. ಕಾಮನ್‌ಜೆಎಸ್ ತಡೆಯುವ ಸಿದ್ಧ ನಿಯಮಗಳು ಪ್ಲಗಿನ್‌ಗಳಲ್ಲಿ ಇವೆಯಾದರೂ, ಎಚ್ಚರಿಕೆಯ ಮಾತನ್ನು ನಾನೇ ಬರೆಯಬೇಕೆಂಬ ಕಾರಣಕ್ಕೆ, ಬೇಡದ ರಚನೆಗಳನ್ನು ನಾವೇ ಹೆಸರಿಸಬಹುದಾದ 'ನೋ-ರಿಸ್ಟ್ರಿಕ್ಟೆಡ್-ಸಿಂಟ್ಯಾಕ್ಸ್' ನಿಯಮವನ್ನು ಆರಿಸಿಕೊಂಡು, ರಿಕ್ವೈರ್ ಹೆಸರಿನ ಕರೆಗೆ ಒಂದು, ಮಾಡ್ಯೂಲ್ ಡಾಟ್ ಎಕ್ಸ್‌ಪೋರ್ಟ್ಸ್‌ಗೆ (ಫೈಲಿನಿಂದ ಹೊರಗೆ ಕೊಡುವ ಹಳೆಯ ರೂಪ) ಇನ್ನೊಂದು ಸೆಲೆಕ್ಟರ್ (ಯಾವ ರಚನೆಯನ್ನು ಹಿಡಿಯಬೇಕೆಂದು ಹೇಳುವ ಮಾದರಿ) ಬರೆದೆ. 'ಇದು ಹಳೆಯದು' ಎಂದಷ್ಟೇ ಹೇಳುವ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಬದಲಿಗೆ ಏನು ಬರೆಯಬೇಕು, ಫೈಲಿನ ಎಕ್ಸ್‌ಟೆನ್ಶನ್ ಬಿಡಬಾರದು ಎಂಬುದನ್ನೂ ಅದರಲ್ಲೇ ಸೇರಿಸಿದೆ.

ಒಂದು ಕಡೆ ಎಡವಿದೆ. ಟೆಸ್ಟ್ ಫೋಲ್ಡರಿಗೆಂದು ಇದೇ ನಿಯಮವನ್ನು ಇನ್ನೊಂದು ಸೆಲೆಕ್ಟರ್‌ನೊಂದಿಗೆ ಮತ್ತೆ ಬರೆದಾಗ ಎರಡೂ ಕೂಡಿಕೊಳ್ಳಲಿಲ್ಲ, ನಂತರದ್ದು ಮೊದಲಿನದನ್ನು ಅಳಿಸಿತು. ಟೆಸ್ಟ್‌ಗಳೆಲ್ಲ ಶುದ್ಧವಾಗಿವೆ ಎಂದು ಕೆಲಕಾಲ ನಂಬಿಕೊಂಡಿದ್ದೆ.

ನಿಯಮವನ್ನು ಮೊದಲ ದಿನವೇ ಎರರ್ ಮಾಡಲಿಲ್ಲ. ವಾರ್ನಿಂಗ್ ಮಟ್ಟದಲ್ಲಿಟ್ಟು, ಅಂದಿನ ಒಟ್ಟು ಎಚ್ಚರಿಕೆಗಳ ಸಂಖ್ಯೆಯನ್ನೇ ಸಿಐನಲ್ಲಿ (ಪ್ರತಿ ಬದಲಾವಣೆಯನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) 'ಮ್ಯಾಕ್ಸ್-ವಾರ್ನಿಂಗ್ಸ್' ಮಿತಿಯಾಗಿ ಕೊಟ್ಟು, ತಿದ್ದಿದಂತೆಲ್ಲ ಅದನ್ನು ಇಳಿಸುತ್ತ ಬಂದೆ. ಸೊನ್ನೆಗೆ ಬಂದ ಮೇಲೆ ಎರರ್ ಆಯಿತು. ಕಾಮನ್‌ಜೆಎಸ್ ಆಗಿಯೇ ಉಳಿಯುವ ಸಿಜೆಎಸ್ ಎಕ್ಸ್‌ಟೆನ್ಶನ್‌ನ ಕಾನ್ಫಿಗ್ ಫೈಲುಗಳನ್ನು ಹೊರಗಿಟ್ಟಿದ್ದೆ.

ಈ ನಿಯಮ ತಾನಾಗಿ ತಿದ್ದುವುದಿಲ್ಲ, ಅದೇ ಒಳ್ಳೆಯದಾಯಿತು. ಫಂಕ್ಷನ್ನಿನ ಒಳಗೆ, ಷರತ್ತಿನ ಮೇಲೆ ನಡೆಯುವ ರಿಕ್ವೈರ್ ಅನ್ನು ಡೈನಾಮಿಕ್ ಇಂಪೋರ್ಟ್ ಮಾಡಿದರೆ ಪ್ರಾಮಿಸ್ (ಫಲಿತಾಂಶ ಆಮೇಲೆ ಸಿಗುವ ವಸ್ತು) ಬರುತ್ತದೆ, ಅದಕ್ಕೆ ಕಾಯಲು ಆ ಫಂಕ್ಷನ್ ಅಸಿಂಕ್ ಆಗಬೇಕಾಗುತ್ತದೆ, ಅದನ್ನು ಕರೆಯುವವರೂ ಬದಲಾಗಬೇಕಾಗುತ್ತದೆ.

ನಿಯಮಕ್ಕೆ ಕಾಣದ ತೊಂದರೆಯೂ ಒಂದಿತ್ತು. ಆರಂಭದ ಫೈಲಿನಲ್ಲಿ ಮೊದಲು ಪರಿಸರ ವೇರಿಯಬಲ್‌ಗಳನ್ನು (ಪಾಸ್‌ವರ್ಡ್‌ನಂತಹ ಸೆಟ್ಟಿಂಗ್‌ಗಳನ್ನು) ಲೋಡ್ ಮಾಡುವ ಸಾಲು, ಅದರ ಕೆಳಗೆ ಡೇಟಾಬೇಸ್ ಫೈಲಿನ ರಿಕ್ವೈರ್ ಇತ್ತು. ಇಂಪೋರ್ಟ್‌ಗೆ ತಿದ್ದಿದಾಗ ಲಿಂಟ್ ಒಪ್ಪಿತು, ಸರ್ವರ್ ಮಾತ್ರ ಪಾಸ್‌ವರ್ಡ್ ಇಲ್ಲವೆಂದು ನಿಂತಿತು: ಇಂಪೋರ್ಟ್ ಮಾಡಿದ ಫೈಲುಗಳು, ಅದನ್ನು ಬರೆದ ಫೈಲಿನ ಉಳಿದ ಸಾಲುಗಳಿಗಿಂತ ಮುಂಚೆಯೇ ನಡೆದುಬಿಡುತ್ತವೆ. ಲೋಡ್ ಮಾಡುವ ಸಾಲನ್ನು ಪ್ರತ್ಯೇಕ ಫೈಲಿಗೆ ಸಾಗಿಸಿ, ಅದನ್ನೇ ಮೊದಲ ಇಂಪೋರ್ಟ್ ಆಗಿ ಇಟ್ಟು, ಈ ಸಾಲನ್ನು ಕದಲಿಸಬಾರದೆಂದು ಪಕ್ಕದಲ್ಲೇ ಕಾಮೆಂಟ್ ಬರೆದೆ.