ಜಾನುವಾರುಗಳಿಗೆ ಅಂಟುರೋಗ ತಗುಲಿದಾಗ: ಮೊದಲ ಸುದ್ದಿಯಿಂದ ಪರಿಹಾರದವರೆಗೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಕಡೆ ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಮನೆಗಳು ಎಷ್ಟಿವೆಯೋ, ಶಿರಾ, ಪಾವಗಡ, ಮಧುಗಿರಿ ಕಡೆ ಕುರಿಮಂದೆಯನ್ನೇ ನಂಬಿದ ಮನೆಗಳೂ ಅಷ್ಟೇ ಇವೆ. ಅಂಟುರೋಗಗಳ ತಡೆಗೆ ಸರ್ಕಾರದ ಬಳಿ ಕಾಯ್ದೆ, ಲಸಿಕೆ, ಸಿಬ್ಬಂದಿ ಎಲ್ಲವೂ ಇದ್ದರೂ, ರೋಗ ಬಂದಿದೆ ಎಂಬ ಮೊದಲ ಸುದ್ದಿ ಹೊರಡಬೇಕಾದದ್ದು ಕೊಟ್ಟಿಗೆಯಿಂದಲೇ. ಹಾಲು ನಿಂತುಹೋದೀತು, ಸಂತೆಯಲ್ಲಿ ಬೆಲೆ ಬಿದ್ದೀತು ಎಂಬ ಭಯದಿಂದ ಆ ಸುದ್ದಿಯನ್ನು ಮುಚ್ಚಿಟ್ಟರೆ, ಆಮೇಲೆ ಇಲಾಖೆ ಏನೇ ಮಾಡಿದರೂ ರೋಗ ಅದಕ್ಕಿಂತ ಮುಂದೆ ಓಡುತ್ತಿರುತ್ತದೆ.

ಆದ್ದರಿಂದ ಮೊದಲು ಗುರುತು ಹಿಡಿಯುವುದನ್ನು ಕಲಿಯಬೇಕು. ಕಾಲುಬಾಯಿ ರೋಗ ತಗುಲಿದ ಹಸು ಬೆಳಿಗ್ಗೆ ಹಾಕಿದ ಹುಲ್ಲನ್ನು ಮೂಸಿ ಬಿಟ್ಟುಬಿಡುತ್ತದೆ; ಬಾಯಿಯಿಂದ ಹಗ್ಗದಂತೆ ಜೊಲ್ಲು ಇಳಿಯುತ್ತದೆ, ತುಟಿಗಳನ್ನು ಚಪ್ಪರಿಸುವ ಸದ್ದು ಕೇಳಿಸುತ್ತದೆ, ನಿಂತಲ್ಲೇ ಕಾಲನ್ನು ಎತ್ತಿ ಎತ್ತಿ ಒದರುತ್ತದೆ. ಬಾಯಿ ತೆರೆದು ನೋಡಿದರೆ ನಾಲಿಗೆ, ಒಸಡುಗಳ ಮೇಲೆ ಬೊಬ್ಬೆಗಳು ಅಥವಾ ಅವು ಒಡೆದು ಆದ ಕೆಂಪು ಹುಣ್ಣುಗಳು, ಗೊರಸಿನ ಸಂದಿನಲ್ಲೂ ಅಂಥವೇ ಕಾಣುತ್ತವೆ. ಜ್ವರದ ಜೊತೆಗೆ ಮೈತುಂಬ ಗಟ್ಟಿಯಾದ ಗಂಟುಗಳು ಎದ್ದರೆ ಚರ್ಮಗಂಟು ರೋಗವನ್ನು ಶಂಕಿಸಬೇಕು. ಕುರಿ, ಮೇಕೆಗಳಲ್ಲಿ ಕಣ್ಣು ಮೂಗಿನಿಂದ ನೀರು ಸುರಿದು, ಬಾಯಿ ಹುಣ್ಣಾಗಿ, ಭೇದಿ ಕಿತ್ತುಕೊಂಡರೆ ಅದು ಪಿಪಿಆರ್ ಎಂಬ ವೈರಾಣು ರೋಗ ಇರಬಹುದು. ರೋಗ ಇಂಥದ್ದೇ ಎಂದು ನಿರ್ಧರಿಸುವುದು ಪಶುವೈದ್ಯರ ಕೆಲಸ. ಸಾಕುವವರಿಗೆ ಅನುಮಾನ ಬಂದರೆ ಸಾಕು, ತಿಳಿಸಲೇಬೇಕು.

2009ರ ಪ್ರಾಣಿಗಳ ಸಾಂಕ್ರಾಮಿಕ ಮತ್ತು ಅಂಟುರೋಗಗಳ ತಡೆ ಹಾಗೂ ನಿಯಂತ್ರಣ ಕಾಯ್ದೆಯು ಹೀಗೆ ತಿಳಿಸುವುದನ್ನು ಮಾಲೀಕರ ಕಡ್ಡಾಯ ಹೊಣೆಯಾಗಿ ಮಾಡಿದೆ. ಗ್ರಾಮ ಪಂಚಾಯಿತಿಗೆ ಅಥವಾ ಗ್ರಾಮದ ಅಧಿಕಾರಿಗೆ ತಿಳಿಸಿದರೆ ಅಲ್ಲಿಂದ ಹತ್ತಿರದ ಪಶುವೈದ್ಯರಿಗೆ ವರದಿ ಹೋಗುತ್ತದೆ. ಆದರೆ ಆ ದಾರಿಯನ್ನು ಕಾಯುತ್ತಾ ಕೂರದೆ ನೇರವಾಗಿ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸುವುದು, ಇಲ್ಲವೇ 1962 ಪಶುವೈದ್ಯ ಸಹಾಯವಾಣಿಗೆ ಕರೆ ಮಾಡುವುದು ಒಳ್ಳೆಯದು. ಕರೆ ಮಾಡುವಾಗ ಎಷ್ಟು ರಾಸುಗಳಿಗೆ ಕಾಯಿಲೆ, ಯಾವ ದಿನದಿಂದ, ಹಿಂದಿನ ಎರಡು ಮೂರು ವಾರಗಳಲ್ಲಿ ಹೊರಗಿನಿಂದ ಹೊಸ ರಾಸು ತಂದಿದ್ದೀರಾ, ಗುರುತಿಗಾಗಿ ರಾಸಿಗೆ ಹಾಕಿದ ಕಿವಿಯೋಲೆಯ ಸಂಖ್ಯೆ ಏನು ಎಂಬುದನ್ನು ಸಿದ್ಧವಾಗಿ ಇಟ್ಟುಕೊಳ್ಳಿ. ವೈದ್ಯರು ಬರುವ ಮೊದಲು ಯಾರದೋ ಮಾತು ಕೇಳಿ ಚುಚ್ಚುಮದ್ದು ಕೊಡಿಸಬೇಡಿ.

ಅವರು ಬರುವವರೆಗೆ ಮಾಡಬೇಕಾದ ಕೆಲಸ ಬಹಳವಿದೆ, ಇದನ್ನೂ ಕಾಯ್ದೆ ಮಾಲೀಕರ ಮೇಲೆಯೇ ಹೊರಿಸಿದೆ. ಕಾಯಿಲೆಯ ರಾಸನ್ನು ಬೇರೆ ಕಟ್ಟಬೇಕು. ಕೆರೆಗೆ, ಸಾರ್ವಜನಿಕ ತೊಟ್ಟಿಗೆ, ಗೋಮಾಳಕ್ಕೆ ಬಿಡಬಾರದು. ಅದರ ಬಕೆಟ್ಟು, ಹಗ್ಗ, ಮೇವನ್ನು ಉಳಿದವಕ್ಕೆ ಬಳಸಬಾರದು. ಮೊದಲು ಆರೋಗ್ಯವಾಗಿರುವ ಹಸುಗಳನ್ನು ನೋಡಿಕೊಂಡು, ಹಾಲು ಕರೆದು, ಕೊನೆಗೆ ಕಾಯಿಲೆಯದರ ಬಳಿ ಹೋಗುವುದು ಸಣ್ಣ ವಿಷಯದಂತೆ ಕಂಡರೂ ತುಂಬ ಮುಖ್ಯ, ಏಕೆಂದರೆ ಕಾಲುಬಾಯಿ ರೋಗದ ವೈರಾಣು ಕೈ, ಚಪ್ಪಲಿ, ಬಟ್ಟೆಗಳ ಮೂಲಕವೂ ಸಾಗುತ್ತದೆ. ಕೊಟ್ಟಿಗೆಯ ನೆಲವನ್ನು ಲೀಟರ್ ನೀರಿಗೆ 40 ಗ್ರಾಂನಂತೆ ವಾಷಿಂಗ್ ಸೋಡಾ ಬೆರೆಸಿ ತೊಳೆದರೆ ಆ ವೈರಾಣು ಸಾಯುತ್ತದೆ. ಕಾಯಿಲೆಯ ಹಸುವಿನ ಕೆಚ್ಚಲಿಗೆ ಕರುವನ್ನು ಬಿಡಬೇಡಿ. ಕರುಗಳಲ್ಲಿ ಈ ರೋಗ ಹೃದಯಕ್ಕೆ ತಗುಲುವುದರಿಂದ, ಬಾಯಲ್ಲಿ ಒಂದು ಹುಣ್ಣೂ ಕಾಣದೆ ಕರು ಇದ್ದಕ್ಕಿದ್ದಂತೆ ಬಿದ್ದು ಸಾಯಬಹುದು. ಚರ್ಮಗಂಟು ರೋಗವಾದರೆ ನೊಣ, ಸೊಳ್ಳೆ, ಉಣ್ಣೆಗಳೇ ಮುಖ್ಯವಾಗಿ ಹರಡುವುದರಿಂದ ಅವುಗಳ ಹತೋಟಿಗೇ ಹೆಚ್ಚು ಗಮನ ಕೊಡಬೇಕು.

ರೋಗ ಖಚಿತವಾದ ಮೇಲೆ ಸರ್ಕಾರ ಆ ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಘೋಷಿಸಬಹುದು. ಆಗ ರಾಸುಗಳ ಸಾಗಣೆಗೆ ನಿರ್ಬಂಧ ಬರುತ್ತದೆ, ಸಂತೆ ಜಾತ್ರೆಗಳನ್ನು ನಿಲ್ಲಿಸಬಹುದು, ಸುತ್ತಲಿನ ಆರೋಗ್ಯವಂತ ರಾಸುಗಳಿಗೆ ಉಂಗುರದಂತೆ ಲಸಿಕೆ ಹಾಕಲಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ಹೀಗೆಯೇ ಜಾನುವಾರು ಜಾತ್ರೆಗಳಿಗೆ ತಡೆ ಬಿದ್ದಿತ್ತು. ಸಿದ್ಧಗಂಗೆಯ ದನಗಳ ಜಾತ್ರೆಗೋ ಅಕ್ಕಿರಾಂಪುರದ ಕುರಿ ಸಂತೆಗೋ ಊರೂರಿನಿಂದ ರಾಸುಗಳು ಬಂದು ಒಂದೇ ಬಯಲಿನಲ್ಲಿ ಮೈಗೆ ಮೈ ತಾಗಿ ನಿಂತು, ಸಂಜೆ ಮತ್ತೆ ಊರೂರಿಗೆ ಚದುರುವುದನ್ನು ಕಂಡವರಿಗೆ ಈ ತಡೆಯ ಕಾರಣವನ್ನು ವಿವರಿಸಬೇಕಿಲ್ಲ. ಮೂರು ಕಡೆಯಿಂದಲೂ ಆಂಧ್ರದ ಗಡಿ ತಾಗುವ ಪಾವಗಡದಂಥ ತಾಲ್ಲೂಕಿನಲ್ಲಿ ಆಚೀಚೆ ಮಂದೆ ಹೊಡೆಯುವವರು ಇನ್ನೂ ಎಚ್ಚರದಿಂದಿರಬೇಕು. ಮಾರಲು ಹೊರಟವರಿಗೆ ಇದು ಕಷ್ಟವೇ ಹೌದು. ಆದರೂ ಆ ಕೆಲವು ವಾರಗಳಲ್ಲಿ ಕದ್ದು ಸಾಗಿಸಿದ ಒಂದು ರಾಸು ಇಡೀ ಹೋಬಳಿಯ ಶ್ರಮವನ್ನು ಹಾಳುಮಾಡಬಲ್ಲದು.

ಲಸಿಕೆಯ ವಿಷಯಕ್ಕೆ ಬರೋಣ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ರೋಗದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕುತ್ತಾರೆ. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಸಲ ಹಾಕಿಸಿ, ತಿಂಗಳ ನಂತರ ಇನ್ನೊಮ್ಮೆ ಹಾಕಿಸಬೇಕು. ಲಸಿಕೆಯಿಂದ ಹಾಲು ಹೋಗುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಈಗಲೂ ಇದೆ. ಒಂದೆರಡು ದಿನ ಸ್ವಲ್ಪ ಜ್ವರ, ಚುಚ್ಚಿದ ಜಾಗದಲ್ಲಿ ಬಾವು, ಹಾಲಿನಲ್ಲಿ ತುಸು ಇಳಿಕೆ ಇರಬಹುದು. ರೋಗವೇ ಬಂದರೆ ಆಗುವ ನಷ್ಟದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ತುಂಬು ಗಬ್ಬದ ಹಸುವಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ಹೇಳಿ, ಅವರ ಸಲಹೆಯಂತೆ ನಡೆಯಿರಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕಾದ್ದರಿಂದ ಸಿಬ್ಬಂದಿ ಐಸ್ ಪೆಟ್ಟಿಗೆಯೊಂದಿಗೆ ಬಂದಾಗ ರಾಸುಗಳನ್ನು ಮೇಯಲು ಬಿಡದೆ ಮನೆಯಲ್ಲೇ ಕಟ್ಟಿಕೊಂಡಿರಿ. 12 ಅಂಕಿಯ ಕಿವಿಯೋಲೆ ಹಾಕಿಸಿ, ಆ ಸಂಖ್ಯೆಯಲ್ಲಿ ಲಸಿಕೆ ದಾಖಲಾಯಿತೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಗಳಲೆ (ಗಂಟಲು ಬೇನೆ), ಚಪ್ಪೆ (ತೊಡೆಯ ಮಾಂಸಖಂಡ ಬಾತುಕೊಳ್ಳುವ ಬೇನೆ) ರೋಗಗಳ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು.

ಕಂದು ಹಾಕಿಸುವ, ಅಂದರೆ ಗರ್ಭಪಾತ ಮಾಡಿಸುವ, ಬ್ರುಸೆಲ್ಲಾ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ ಲಸಿಕೆಯಿದೆ. ಆ ವಯಸ್ಸು ದಾಟಲು ಬಿಡಬೇಡಿ. ಈ ರೋಗ ಮನುಷ್ಯರಿಗೂ ಅಂಟುವುದರಿಂದ ಕಂದನ್ನಾಗಲಿ, ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟದೆ, ತಿಪ್ಪೆಗೆ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ರಾಸು ಸತ್ತರೆ ಹೂಳುವ ಮೊದಲೇ ಪಶುವೈದ್ಯರಿಗೆ ತಿಳಿಸಿ. ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ (ಆಂಥ್ರಾಕ್ಸ್) ರೋಗದ ಶಂಕೆಯಿಂದ ಕಳೇಬರವನ್ನು ಯಾವ ಕಾರಣಕ್ಕೂ ಕೊಯ್ಯಬಾರದು, ಚರ್ಮ ಸುಲಿಯಬಾರದು. ಅದರ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಉಳಿದ ಸಾವುಗಳಲ್ಲಿ ವೈದ್ಯರ ಪರೀಕ್ಷೆ, ವರದಿ, ಕಿವಿಯೋಲೆಯೊಂದಿಗೆ ತೆಗೆದ ಫೋಟೋ ಇದ್ದರೆ ಪರಿಹಾರದ ಅರ್ಜಿಗೆ ಆಧಾರ ಸಿಗುತ್ತದೆ. ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಯನ್ನು ರಾಜ್ಯ ಸರ್ಕಾರ 2022ರಲ್ಲಿ ನಿಗದಿಪಡಿಸಿತ್ತು. ಈಗ ಜಾರಿಯಲ್ಲಿರುವ ಯೋಜನೆ ಮತ್ತು ಮೊತ್ತವನ್ನು ತಾಲ್ಲೂಕಿನ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸಬೇಕು. ಆ ಹಣದಿಂದ ಹೊಸ ರಾಸು ಕೊಳ್ಳುವಾಗ ಕಿವಿಯೋಲೆ, ಲಸಿಕೆಯ ದಾಖಲೆ ನೋಡಿ ತಂದು, ಮೂರು ವಾರ ಬೇರೆಯೇ ಕಟ್ಟಿ, ಆಮೇಲೆ ಉಳಿದವುಗಳೊಂದಿಗೆ ಸೇರಿಸಿ.