ನಾಲ್ಕೂವರೆಗೆ ಇಳಿಸಿದ ಸ್ಕ್ರೂ

ಕಲಬುರಗಿಯ ರಿಂಗ್ ರಸ್ತೆಯಲ್ಲಿ ನನ್ನದೊಂದು ಬೈಕ್ ಗ್ಯಾರೇಜ್ ಇದೆ. ಇಪ್ಪತ್ತೈದು ವರ್ಷ ಸ್ಪ್ರಿಂಗು, ಸ್ಕ್ರೂ, ಪಾನಾಗಳ ನಡುವೆಯೇ ಕಳೆದಿದ್ದೇನೆ. ಹಾಗಿದ್ದೂ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ, ಹಿಮದ ಮೇಲೆ ಜಾರುವ ಸ್ಕೀ ಹಲಗೆಯ ತಪ್ಪು ಸ್ಕ್ರೂ ತಿರುಗಿಸಿ ಮೊಣಕಾಲು ಕೆಡಿಸಿಕೊಂಡೆ. ಬೇರೆ ಯಾರಾದರೂ ಬಿಗಿದಿದ್ದರೆ ಬೈಯುವುದಕ್ಕೆ ಒಬ್ಬರು ಸಿಗುತ್ತಿದ್ದರು.

ಮೊದಲ ಸಲ ಸ್ಕೀ ಕಟ್ಟಿದ್ದು 2016ರಲ್ಲಿ, ಮನೆಮಂದಿಯೊಂದಿಗೆ ಪ್ರವಾಸ ಹೋದಾಗ. ಒಂದು ಗಂಟೆಗೆ ಬಾಡಿಗೆ ಕೊಟ್ಟು ಮುಕ್ಕಾಲು ಗಂಟೆ ಹಿಮದಲ್ಲಿ ಬಿದ್ದುಕೊಂಡಿದ್ದೆ. ಮರುವರ್ಷ ಅಲ್ಲಿಯೇ ಇರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ ಪಡೆದೆ. ಅಂದಿನಿಂದ ಹೆಚ್ಚುಕಡಿಮೆ ಪ್ರತಿ ಫೆಬ್ರುವರಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ, ಅಲ್ಲಿಂದ ಮುಂದಕ್ಕೆ. ಸ್ಕೀ ಚೀಲವನ್ನು ಬರ್ತಿನ ಕೆಳಗೆ ತಳ್ಳುವಾಗ ಒಬ್ಬ ಹಿರಿಯರು, "ಏನಪ್ಪಾ, ಕೂರಿಗೆಯನ್ನು ದೆಹಲಿಗೆ ಒಯ್ಯುತ್ತಿರುವೆಯಾ?" ಎಂದು ಕೇಳಿದ್ದರು. ವಿವರಿಸುವಷ್ಟರಲ್ಲಿ ಸೋಲಾಪುರ ಬಂದಿತ್ತು.

ಬೂಟನ್ನು ಸ್ಕೀ ಹಲಗೆಗೆ ಹಿಡಿದಿಡುವ ಸಾಧನವೇ ಬೈಂಡಿಂಗ್. ಹಿಡಿಯುವುದು ಅದರ ಅರ್ಧ ಕೆಲಸ, ಹೊತ್ತಿಗೆ ಸರಿಯಾಗಿ ಬಿಡುವುದು ಉಳಿದರ್ಧ. ಕಾಲು ತಿರುಚಿಕೊಂಡಾಗ ಮುಂದಿನ ತುಂಡು ಪಕ್ಕಕ್ಕೆ ಬಿಟ್ಟುಕೊಡುತ್ತದೆ. ಮುಂದಕ್ಕೆ ಮುಗ್ಗರಿಸಿದಾಗ ಹಿಮ್ಮಡಿಯ ತುಂಡು ಮೇಲಕ್ಕೆ ತೆರೆದುಕೊಳ್ಳುತ್ತದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಒರೆಗಾನ್‌ನಲ್ಲಿ ನೆಲೆಸಿದ್ದ ಯಾಲ್ಮಾರ್ ಹ್ವಾಮ್ ಎಂಬ ಸ್ಕೀಪಟು 1937ರಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಿಟ್ಟುಕೊಡುವ ಬೈಂಡಿಂಗ್ ಯೋಚಿಸಿದನಂತೆ. ನನಗೆ ಬುದ್ಧಿ ಬಂದದ್ದೂ ಅದೇ ದಾರಿಯಲ್ಲಿ.

ಎಷ್ಟು ಬಲ ಬಿದ್ದರೆ ಬಿಡಬೇಕು ಎಂಬುದನ್ನು ಸ್ಪ್ರಿಂಗಿನ ಬಿಗಿ ನಿರ್ಧರಿಸುತ್ತದೆ. ಆ ಬಿಗಿಯನ್ನು ತೋರಿಸುವ ಅಂಕಿಗೆ ಡಿನ್ ಎನ್ನುತ್ತಾರೆ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಬಂದದ್ದು. ಪ್ರತಿ ಸ್ಕೀಯಲ್ಲಿ ಮುಂದೊಂದು, ಹಿಂದೊಂದು ಕಿಂಡಿ. ಒಟ್ಟು ನಾಲ್ಕು ಕಿಂಡಿಗಳಲ್ಲಿ ಅಂಕಿ ನೋಡಬೇಕು. ಎಷ್ಟಿಡಬೇಕೆಂಬ ಪಟ್ಟಿ ಐಎಸ್‌ಒ 11088 ಮಾನಕದಲ್ಲಿದೆ. ಅದು ಕೇಳುವುದು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ ಮತ್ತು ನೀವು ಎಂಥ ಸ್ಕೀಗಾರ ಎಂಬುದು. ಧೈರ್ಯ ಎಷ್ಟಿದೆ ಎಂದು ಕೇಳುವುದಿಲ್ಲ.

ನನ್ನ ತೂಕ 72 ಕಿಲೋ, ಎತ್ತರ 171 ಸೆಂಟಿಮೀಟರ್. ಎರಡೂ ಪಟ್ಟಿಯ ಒಂದೇ ಸಾಲಿಗೆ ಬೀಳುತ್ತವೆ. ತೂಕ ಒಂದು ಸಾಲು, ಎತ್ತರ ಇನ್ನೊಂದು ಸಾಲು ತೋರಿಸಿದರೆ ಕಡಿಮೆ ಅಂಕಿ ಕೊಡುವ ಸಾಲನ್ನೇ ಹಿಡಿಯಬೇಕು. ನಿಧಾನವಾಗಿ, ಎಚ್ಚರದಿಂದ ಇಳಿಯುವವರು ಮೊದಲನೆಯ ವರ್ಗ, ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಹೋಗುವವರು ಮೂರನೆಯದು, ನಡುವಿನವರು ಎರಡನೆಯದು. ನಾನು ನನ್ನನ್ನು ಮೊದಲನೆಯದಕ್ಕೇ ಹಾಕಿಕೊಂಡೆ. ಹಳೆಯ ಬೂಟಿನ ತಳ 315 ಮಿಲಿಮೀಟರ್ ಇತ್ತು, ಅಂಕಿ 5 ಬಂತು. ನಾಲ್ಕು ಚಳಿಗಾಲ ತೊಂದರೆಯೇ ಇರಲಿಲ್ಲ.

ಆಮೇಲೆ ಹೊಸ ಬೂಟು ಕೊಂಡೆ. ತಳ 305 ಮಿಲಿಮೀಟರ್. ಹಾಕಿದೆ, ಟಕ್ ಎಂದು ಕಚ್ಚಿತು, ಹೊರಟೆ. ಗುಲ್ಮಾರ್ಗ್‌ನ ಕೊಂಗ್‌ಡೂರಿಯ ಇಳಿಜಾರಿನಲ್ಲಿ ಸ್ವಲ್ಪ ವೇಗದ ತಿರುವಿನಲ್ಲಿ ಕಾರಣವೇ ಇಲ್ಲದೆ ಎಡಗಾಲಿನ ಸ್ಕೀ ಕಳಚಿತು. ಮಧ್ಯಾಹ್ನ ಇನ್ನೊಮ್ಮೆ. ಸಡಿಲವಾದದ್ದನ್ನು ಬಿಗಿಯುವುದು ಗ್ಯಾರೇಜಿನವನ ಕೈಗೆ ಅಂಟಿದ ಚಟ. ಸಂಜೆ ಕೋಣೆಯಲ್ಲಿ ಕಾಂಗಡಿಯ, ಅಂದರೆ ಕಾಶ್ಮೀರಿಗಳ ಕೆಂಡದ ಮಡಕೆಯ, ಪಕ್ಕ ಕುಳಿತು ನಾಲ್ಕೂ ಕಿಂಡಿಗಳನ್ನು 7.5ಕ್ಕೆ ಏರಿಸಿದೆ. ಜೊತೆಗಿದ್ದ ಗೆಳೆಯ, "ಈಗ ಗಂಡಸಿನ ಅಂಕಿ" ಎಂದ. ನನಗೂ ಹಿತವಾಯಿತು.

ಮರುದಿನ ಬಿದ್ದದ್ದು ವೇಗದಲ್ಲಿ ಅಲ್ಲ. ಊಟಕ್ಕೆ ಮರಳುತ್ತಿದ್ದೆ, ಬಿಸಿಲಿಗೆ ಕರಗಿ ಭಾರವಾದ ಹಿಮ, ನಡಿಗೆಯ ವೇಗ. ಬಲ ಸ್ಕೀಯ ಒಳಅಂಚು ಸಿಕ್ಕಿಕೊಂಡು ಹಲಗೆ ಹೊರಕ್ಕೆ ಹೋಯಿತು, ನಾನು ನೇರ ಹೋದೆ. 5ರಲ್ಲಿ ಬಿಟ್ಟುಕೊಡಬಹುದಾಗಿದ್ದ ಬೈಂಡಿಂಗ್ ಬಿಡಲಿಲ್ಲ. ಒಂದೂವರೆ ಮೀಟರಿಗಿಂತ ಉದ್ದದ ಹಲಗೆ ಕಾಲಿಗೆ ಅಂಟಿಕೊಂಡಿದ್ದರೆ ಅದು ಚಕ್ರದ ಪಾನಾಕ್ಕೆ ಪೈಪು ತೂರಿಸಿ ತಿರುಗಿಸಿದಂತೆ. ಕೊನೆಯಲ್ಲಿರುವ ನಟ್ಟು ನಮ್ಮ ಮೊಣಕಾಲು. ಒಳಮಗ್ಗುಲಿನ ಅಸ್ಥಿರಜ್ಜು ಭಾಗಶಃ ಹರಿದಿದೆ ಎಂದರು ವೈದ್ಯರು. ಆರು ವಾರ ಕಾಲಿಗೆ ಪಟ್ಟಿ, ಗ್ಯಾರೇಜಿನಲ್ಲಿ ಕುರ್ಚಿ, ಹುಡುಗರಿಗೆ ಬರೀ ಬಾಯಿಮಾತಿನ ಸೂಚನೆ.

ಆ ಕುರ್ಚಿಯಲ್ಲಿ ಕುಳಿತೇ ಸ್ಕೀ ತರಿಸಿ ನೋಡಿದೆ. ಕೆಟ್ಟದ್ದು ಸ್ಪ್ರಿಂಗ್ ಆಗಿರಲಿಲ್ಲ. ಬೂಟು 10 ಮಿಲಿಮೀಟರ್ ಗಿಡ್ಡವಾಗಿತ್ತು, ಹಿಮ್ಮಡಿಯ ತುಂಡನ್ನು ನಾನು ಮುಂದಕ್ಕೆ ಸರಿಸಿರಲಿಲ್ಲ. ಹಿಮ್ಮಡಿಯ ತುಂಡು ಬೂಟನ್ನು ಮುಂದಕ್ಕೆ ಒಂದು ನಿಗದಿತ ಒತ್ತಡದಲ್ಲಿ ಒತ್ತಿ ಹಿಡಿದಿರಬೇಕು. ನನ್ನ ಬೈಂಡಿಂಗಿನಲ್ಲಿ, ಬೂಟು ಹಾಕಿದ ಮೇಲೆ ಹಿಂಭಾಗದ ಸ್ಕ್ರೂವಿನ ತಲೆ ಕವಚಕ್ಕೆ ಸಮನಾಗಿ ನಿಂತರೆ ಒತ್ತಡ ಸರಿ ಎಂದರ್ಥ. ಅಂದು ಅದು ಎಲ್ಲಿತ್ತೆಂದು ಹೇಳಲು ನಾಚಿಕೆಯಾಗುತ್ತದೆ. ಸ್ಕೀ ಸುಮ್ಮಸುಮ್ಮನೆ ಕಳಚಿದರೆ ಈಗ ನಾನು ಮೊದಲು ನೋಡುವುದು ಬೂಟಿನ ತಳಕ್ಕೆ ಹಿಮ ಮೆತ್ತಿದೆಯೇ ಎಂದು, ಆಮೇಲೆ ಈ ಒತ್ತಡ. ಅಂಕಿಯ ಸ್ಕ್ರೂ ಕೊನೆಗೆ.

ಬೂಟು ಗಿಡ್ಡವಾದಾಗ ಅಂಕಿಯೂ ಬದಲಾಗಬೇಕಿತ್ತು. 5 ಇದ್ದದ್ದು 5.5 ಆಗಬೇಕಿತ್ತು, 7.5 ಅಲ್ಲ. ಗಿಡ್ಡ ಬೂಟಿಗೆ ಹೆಚ್ಚು ಅಂಕಿ ಏಕೆ ಎಂದು ಅನೇಕರು ಕೇಳುತ್ತಾರೆ. ಬೂಟಿನ ತಳವೇ ಸನ್ನೆಗೋಲು. ಕಾಲಿನ ತಿರುಚುಬಲ ಅಷ್ಟೇ ಇದ್ದರೂ ಗೋಲು ಗಿಡ್ಡವಾದರೆ ತುದಿಯಲ್ಲಿ ಬೀಳುವ ಒತ್ತು ಹೆಚ್ಚು. ಆದ್ದರಿಂದ ಸ್ಪ್ರಿಂಗು ತುಸು ಬಿಗಿಯಾಗಿರಬೇಕು. ಗಿಡ್ಡ ಹಿಡಿಯ ಪಾನಾದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೈಂಡಿಂಗ್ ಕೊಳ್ಳುವಾಗಲೂ ಇದೇ ಲೆಕ್ಕ. ನನಗೆ ಮೊದಲು ಆಸೆಯಾದದ್ದು 6ರಿಂದ 16ರವರೆಗಿನ, ಲೋಹವೇ ಹೆಚ್ಚಿದ್ದ ಒಂದರ ಮೇಲೆ. ನನ್ನ ಅಂಕಿ ಅದರಲ್ಲಿ ಇಲ್ಲವೇ ಇಲ್ಲ! ಕೊಂಡದ್ದು 3ರಿಂದ 10ರವರೆಗಿನದು. ನಮ್ಮ ಅಂಕಿ ಅಳತೆಪಟ್ಟಿಯ ತುದಿಗೆ ಅಂಟಿಕೊಳ್ಳದೆ ಎರಡೂ ಕಡೆ ಜಾಗ ಉಳಿಯಬೇಕು. ತೂಕವೂ ವಯಸ್ಸೂ ನಿಂತಲ್ಲಿ ನಿಲ್ಲುವುದಿಲ್ಲ. ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕು ಬೈಂಡಿಂಗಿನಲ್ಲೇ ಇರುತ್ತದೆ, ಅದರ ಅಗಲ ಸ್ಕೀಯ ನಡುವಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ನನ್ನ ಸ್ಕೀಯ ನಡು 84 ಮಿಲಿಮೀಟರ್, ಬ್ರೇಕು 90. ಮರೆಯಬಾರದ ಇನ್ನೊಂದು, ಬೂಟಿನ ತಳದ ಮಾದರಿ. ಸಪಾಟು ತಳದ ಹಳೆಯ ಬೂಟು, ನಡೆಯಲು ಅನುಕೂಲವಾಗುವಂತೆ ತಳ ಬಾಗಿರುವ ಗ್ರಿಪ್‌ವಾಕ್ ಬೂಟು, ಎರಡೂ ಎಲ್ಲ ಬೈಂಡಿಂಗಿಗೂ ಹೊಂದುವುದಿಲ್ಲ. ಬೂಟು ಒಳಗೆ ಕೂತಿತು ಎಂದ ಮಾತ್ರಕ್ಕೆ ಸರಿಯಾಗಿ ಬಿಡುತ್ತದೆ ಎಂದುಕೊಳ್ಳಬೇಡಿ. ಎಲ್ಲ ಸರಿಯಿದ್ದರೂ ಮೊಣಕಾಲಿಗೆ ಪೂರ್ತಿ ಭರವಸೆ ಇಲ್ಲ. ಹಿಂದಕ್ಕೆ ಕುಸಿದು ತಿರುಚಿಕೊಂಡು ಬಿದ್ದಾಗ ಮೊಣಕಾಲಿನೊಳಗಿನ ಮುಂದಿನ ಅಸ್ಥಿರಜ್ಜನ್ನು ಕಾಯುವುದು ಈ ಸಾಮಾನ್ಯ ಬೈಂಡಿಂಗುಗಳ ಕೈಯಲ್ಲಿಲ್ಲ.

ನಮ್ಮೂರಿನಲ್ಲಿ ಶತ್ರುವೆಂದರೆ ಧೂಳು. ಮೇ ತಿಂಗಳಿನ ಕಾವಿನಲ್ಲಿ ತಗಡಿನ ಅಟ್ಟಕ್ಕೆ ಹಾಕದೆ ಮಂಚದ ಕೆಳಗೆ ಬಟ್ಟೆ ಸುತ್ತಿ ಇಡುತ್ತೇನೆ. ಗ್ಯಾರೇಜಿನ ಅಭ್ಯಾಸದಂತೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಬಾರದು, ಒಳಗಿನ ಗ್ರೀಸು ತೊಳೆದುಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಈ ವರ್ಷ ನನಗೆ ಐವತ್ತು ತುಂಬಿತು. ಐವತ್ತಾದವರು ಪಟ್ಟಿಯಲ್ಲಿ ಒಂದು ಸಾಲು ಮೇಲೆ, ಅಂದರೆ ಕಡಿಮೆ ಅಂಕಿಯ ಕಡೆಗೆ ಸರಿಯಬೇಕು. 5.5 ಇದ್ದದ್ದು 4.5. ಅದೇ ಗೆಳೆಯ ಫೋನಿನಲ್ಲಿ, "ಇಷ್ಟು ವರ್ಷ ಆಡಿದ್ದೀಯ, ಎರಡನೆಯ ವರ್ಗ ಎಂದು ಬರೆದುಕೋ, ಮತ್ತೆ 5.5ಕ್ಕೆ ಬರುತ್ತೀಯ" ಎಂದ. ಲೆಕ್ಕ ಸರಿಯೇ, ಒಂದು ವರ್ಗ ಏರಿದರೆ ಒಂದು ಸಾಲು ಕೆಳಗೆ, ವಯಸ್ಸು ರದ್ದು. ಅರ್ಧ ದಿನ ಅದೇ ಯೋಚನೆ ತಲೆಯಲ್ಲಿತ್ತು. ಆದರೆ ನಾನು ಇಳಿಯುವ ರೀತಿ ನನಗೆ ಗೊತ್ತು.

ಭಾನುವಾರ ಬೆಳಿಗ್ಗೆ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಜಮಖಾನೆ ಹಾಸಿ, ಬೂಟು ತೊಟ್ಟು, ಒಂದೊಂದೇ ಸ್ಕೀಗೆ ಕಾಲು ಕೊಟ್ಟೆ. ಹಿಂಭಾಗದ ಸ್ಕ್ರೂ ಸಮನಾಗಿತ್ತು. ನಾಲ್ಕು ಕಿಂಡಿಗಳಲ್ಲೂ 4.5. ಗೋಡೆ ಹಿಡಿದು, ಮೊಣಕಾಲು ತುಸು ಮಡಿಸಿ, ನಿಧಾನವಾಗಿ ಪಾದವನ್ನು ಒಳಕ್ಕೆ ತಿರುಚುತ್ತ ಹೋದೆ. ಜರ್ಕು ಹೊಡೆಯಬಾರದು. ನೋವಿಲ್ಲದೆ, ಟಪ್ ಎಂದು ಬಿಟ್ಟಿತು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. "ಮತ್ತೆ ಏನು ಮುರಿದಿರಿ?" ಎಂದರು ಮನೆಯವರು.

ಏನೂ ಇಲ್ಲ ಎಂದು ಎಡಗಾಲಿನ ಸ್ಕೀ ಎಳೆದುಕೊಂಡೆ.